ಕೆಜಿಎಫ್: ಮೇಲೆ ನಡೆದು ಕೆಳಗಿನ ಊರು ನೋಡಲು 10 ಸೂತ್ರಗಳು

ಕೋಲಾರ ಚಿನ್ನದ ಗಣಿಗೆ ಹೋಗಿ ಬಂದವರಲ್ಲಿ ಹಲವರು ಬೇಸರದಿಂದ ಹೇಳುವ ಮಾತು ಒಂದೇ: "ಅಲ್ಲೇನಿದೆ? ಬೀಗ ಹಾಕಿದ ಗೇಟು, ಬೂದಿ ಬಣ್ಣದ ಗುಡ್ಡ." ತಪ್ಪು ಅವರದಲ್ಲ. ಈ ಊರಿನ ದೊಡ್ಡ ಪಾಲು ಇರುವುದು ನೆಲದ ಕೆಳಗೆ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಆಮೇಲೆ ಸುರಂಗಗಳಲ್ಲಿ ನೀರು ತುಂಬಿಕೊಂಡಿತು. ಆದರೆ ಮೇಲೆ ಉಳಿದಿರುವ ಹಳಿ, ಕಂಬ, ಮನೆ, ಮಾರುಕಟ್ಟೆ ಎಲ್ಲವೂ ಕೆಳಗಿನ ಕೆಲಸಕ್ಕಾಗಿಯೇ ಹುಟ್ಟಿದವು. ಅವನ್ನು ಒಂದೊಂದಾಗಿ ಓದುತ್ತ ನಡೆದರೆ ಗೈಡ್ ಇಲ್ಲದೆಯೂ ಊರು ಅರ್ಥವಾಗುತ್ತದೆ. ಒಂದು ಹಗಲು ಸಾಕು.

1. ರೈಲಿನಲ್ಲೇ ಹೋಗಿ.

ಬಂಗಾರಪೇಟೆಯಲ್ಲಿ ಕವಲೊಡೆದು ಮಾರಿಕುಪ್ಪಂನಲ್ಲಿ ಮುಗಿಯುವ ಈ ಹಳಿಯನ್ನು 1894ರಲ್ಲಿ ಗಣಿಗಾಗಿಯೇ ಹಾಕಿದ್ದು. ಕೋರಮಂಡಲ್, ಉರಿಗಾಂ, ಚಾಂಪಿಯನ್, ಮಾರಿಕುಪ್ಪಂ: ನಿಲ್ದಾಣದ ಬೋರ್ಡುಗಳೇ ಇತಿಹಾಸದ ಮೊದಲ ಪುಟ. ಬೆಳಗ್ಗೆ ಜನವೆಲ್ಲ ಬೆಂಗಳೂರಿನ ಕಡೆಗೆ ಹೊರಟಿರುತ್ತಾರೆ, ನೀವು ಎದುರು ದಿಕ್ಕಿಗೆ ಹೋಗುವವರು. ಸೀಟಿಗೆ ಪರದಾಡಬೇಕಿಲ್ಲ.

2. ಕೊನೆಯ ನಿಲ್ದಾಣದಲ್ಲಿಳಿದು ಉತ್ತರಕ್ಕೆ ನಡೆಯಿರಿ.

ಕೆಜಿಎಫ್‌ಗೆ ಬೇರೆ ಊರುಗಳಂತೆ ಕೋಟೆಯೋ ದೇವಸ್ಥಾನವೋ ನಡುವಿಲ್ಲ. ಊರು ಉದ್ದಕ್ಕೆ ಚಾಚಿಕೊಂಡಿದೆ, ಏಕೆಂದರೆ ಚಿನ್ನದ ಎಳೆ ಹಾಗೆ ಚಾಚಿಕೊಂಡಿತ್ತು. ಚಾಂಪಿಯನ್ ರೀಫ್ ಎಂಬ ಬೆಣಚುಕಲ್ಲಿನ ಪದರ ದಕ್ಷಿಣೋತ್ತರವಾಗಿ ಹಬ್ಬಿದೆ. ಅದರ ಅಗಲ ಬಹುಪಾಲು ಕಡೆ ಒಂದು ಮೀಟರಿನ ಆಸುಪಾಸು. ದಕ್ಷಿಣದಲ್ಲಿ ಮೈಸೂರು ಗಣಿ, ಮುಂದೆ ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ: ಒಂದೇ ಎಳೆಯ ಮೇಲೆ ಮಣಿ ಪೋಣಿಸಿದಂತೆ ಗಣಿಗಳು. ನೀವು ನಡೆಯುವುದೂ ಆ ಎಳೆಯ ಜಾಡಿನಲ್ಲೇ.

ಮಾರಿಕುಪ್ಪಂ, ಉರಿಗಾಂ ಎರಡೂ ಬ್ರಿಟಿಷರಿಗಿಂತ ಹಳೆಯ ಹೆಸರುಗಳು. 1802ರಲ್ಲಿ ಜಾನ್ ವಾರನ್ ಎಂಬ ಸೇನಾಧಿಕಾರಿ ಈ ಸೀಮೆಗೆ ಸರ್ವೆಗೆ ಬಂದಾಗ, ಇಲ್ಲಿನ ಹಳ್ಳಿಗರು ಮಣ್ಣು ತೊಳೆದು ಚಿನ್ನದ ಪುಡಿ ತೆಗೆದು ತೋರಿಸಿದರು. ಹಳಬರು ತೋಡಿದ ಗುಂಡಿಗಳೂ ಇದ್ದವು. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಹಣ ಕರಗಿ ಕಂಗಾಲಾಗಿದ್ದಾಗ ಎಳೆ ಸಿಕ್ಕಿದ್ದು ಆ ಹಳೆಯ ಗುಂಡಿಗಳ ಜಾಡು ಹಿಡಿದು ಇನ್ನೂ ಆಳಕ್ಕೆ ಇಳಿದಾಗ. ಚಿನ್ನ ಕಂಡುಹಿಡಿದವರು ಯಾರು ಎಂದು ಯಾರಾದರೂ ಕೇಳಿದರೆ, ಹೆಸರು ಉಳಿಯದ ಆ ಹಳ್ಳಿಗರನ್ನು ಮೊದಲು ನೆನೆಯಿರಿ. 1870ರ ದಶಕದಲ್ಲಿ ಗಣಿಗಾರಿಕೆಯ ಪರವಾನಗಿ ಪಡೆದ ಮೈಕೆಲ್ ಲ್ಯಾವೆಲ್‌ಗೆ ಬೆಂಗಳೂರಿನಲ್ಲಿ ಈಗಾಗಲೇ ಒಂದು ರಸ್ತೆಯಿದೆ.

3. ಸೈನೈಡ್ ಗುಡ್ಡವನ್ನು ದೂರದಿಂದ ನೋಡಿ, ಲೆಕ್ಕ ಹಾಕಿ.

'ಕೆಜಿಎಫ್' ಸಿನಿಮಾ ನೋಡಿ ಬಂದವರು ಮೊದಲು ಓಡುವುದು ಇಲ್ಲಿಗೆ. ಇದು ಬೆಟ್ಟವಲ್ಲ, ಗಣಿಯಿಂದ ಬಂದ ಕಲ್ಲನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಪುಡಿ. ಇಂಥ ಗುಡ್ಡಗಳಲ್ಲಿ ಮೂರು ಕೋಟಿ ಟನ್ನಿಗೂ ಹೆಚ್ಚು ಪುಡಿ ಬಿದ್ದಿದೆ. ಸುಮಾರು 120 ವರ್ಷಗಳಲ್ಲಿ ಇಲ್ಲಿಂದ ಹೊರಬಂದ ಚಿನ್ನ ಸುಮಾರು 800 ಟನ್. ಅದಕ್ಕಾಗಿ ಮೇಲೆತ್ತಿದ ಕಲ್ಲು ಸುಮಾರು 5 ಕೋಟಿ ಟನ್. ಒಂದು ಟನ್ ಕಲ್ಲಿಗೆ ಸರಾಸರಿ 16 ಗ್ರಾಂ, ಅಂದರೆ ಎರಡು ಸವರನ್ನು. ನಿಮ್ಮ ಕೊರಳ ಸರಕ್ಕೆ ಎಷ್ಟು ಗುಡ್ಡ ಬೇಕಾಯಿತು ಎಂದು ಅಲ್ಲೇ ನಿಂತು ಎಣಿಸಿ.

ಗಾಳಿ ಬೀಸುವ ದಿನ ಹತ್ತಿರ ಹೋಗಬೇಡಿ, ಮಕ್ಕಳನ್ನಂತೂ ಕರೆದೊಯ್ಯಲೇಬೇಡಿ. ಆ ಧೂಳು ಸುತ್ತಲಿನ ಮನೆಗಳಿಗೆ ಪ್ರತಿ ಬೇಸಿಗೆಯಲ್ಲೂ ನುಗ್ಗುತ್ತದೆ. ಫೋಟೋಕ್ಕಾಗಿ ಬಂದ ನಾವು ಅದನ್ನು ಇನ್ನಷ್ಟು ಕೆದಕುವುದು ಸರಿಯಲ್ಲ.

4. ಬೇಲಿ ದಾಟಬೇಡಿ. ಹೊರಗೆ ನಿಂತು ಆಳ ಊಹಿಸಿ.

ಶಾಫ್ಟ್ ಎಂದರೆ ಕೆಲಸಗಾರರೂ ಕಲ್ಲೂ ಇಳಿದು ಹತ್ತುತ್ತಿದ್ದ ಬಾವಿ. ಅದರ ಮೇಲಿನ ಕಬ್ಬಿಣದ ಗೋಪುರ ಕಂಡಲ್ಲಿ ನಿಲ್ಲಿ. ಚಾಂಪಿಯನ್ ರೀಫ್ ಗಣಿ ಇಳಿದದ್ದು ಸುಮಾರು 3,200 ಮೀಟರ್. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯನ್ನು ಬುಡಮೇಲು ಮಾಡಿ ಇದರೊಳಗಿಟ್ಟರೂ ಇನ್ನೂ ಒಂದು ಕಿಲೋಮೀಟರಿಗೂ ಹೆಚ್ಚು ಆಳ ಮಿಕ್ಕುತ್ತದೆ. ಅಲ್ಲಿ ಬಂಡೆಯೇ 60 ಡಿಗ್ರಿ ದಾಟಿ ಸುಡುತ್ತಿತ್ತು. ಮೇಲಿಂದ ತಂಪು ಗಾಳಿ ಊದದೆ ಕೆಲಸವೇ ಸಾಗುತ್ತಿರಲಿಲ್ಲ. ಮೇಲಿನ ಭಾರಕ್ಕೆ ಬಂಡೆ ಸಿಡಿಯುತ್ತಿತ್ತು. ಹಾಗೆ ಸಿಡಿದಾಗ ಮೇಲೆ ಊರಿನ ಮನೆಗಳೂ ನಡುಗುತ್ತಿದ್ದವು. ಯಾರ ಮನೆಯವರು ಯಾವ ಪಾಳಿಯಲ್ಲಿದ್ದಾರೆ ಎಂಬುದೇ ಆ ಕ್ಷಣದ ಪ್ರಶ್ನೆ. ಮುಚ್ಚಿದ ಶಾಫ್ಟುಗಳ ಸುತ್ತ ನೆಲ ಭದ್ರವಾಗಿಲ್ಲ, ಆದ್ದರಿಂದ ಬೇಲಿಯ ಮಾತು ಮತ್ತೊಮ್ಮೆ ಹೇಳುತ್ತಿದ್ದೇನೆ.

5. ವಿದ್ಯುತ್ ಕಂಬ ಕಂಡರೆ ಶಿವನಸಮುದ್ರ ನೆನಪಿಸಿಕೊಳ್ಳಿ.

1902ರಲ್ಲಿ ಅಲ್ಲಿನ ಕಾವೇರಿಯ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿದು ನೇರ ಇಲ್ಲಿಗೆ ಬಂತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ, ಮೈಸೂರಿಗೆ ಇನ್ನೂ ಆಮೇಲೆ. ರಾಜಧಾನಿಗಿಂತ ಮೊದಲು ಗಣಿಗೆ! ನೀರಿಗೂ ಇದೇ ಕಥೆ: ಪಾಲಾರಿನ ಬೇತಮಂಗಲ ಕೆರೆಯಿಂದ ಕೊಳವೆ ಎಳೆದರು.

6. ವಿಜ್ಞಾನಕ್ಕೆ ಐದು ನಿಮಿಷ ಕೊಡಿ.

ಈ ಊರಿನ ಬಗ್ಗೆ ನಾವು ಅತಿ ಕಡಿಮೆ ಹೇಳಿಕೊಳ್ಳುವ ಹೆಮ್ಮೆ ಇದು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್ ಮತ್ತು ಬ್ರಿಟನ್ನಿನ ಸಂಗಡಿಗರೊಂದಿಗೆ ಇಲ್ಲಿ 2 ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಉಪಕರಣ ಹೂಡಿ, 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಸುಳಿವು ಹಿಡಿದರು. ಅದೇ ವರ್ಷ ದಕ್ಷಿಣ ಆಫ್ರಿಕದ ಒಂದು ಚಿನ್ನದ ಗಣಿಯಲ್ಲೂ ಅದು ಸಿಕ್ಕಿತು; ಅದಕ್ಕೂ ಮೊದಲು ಲೋಕದಲ್ಲಿ ಎಲ್ಲೂ ಸಿಕ್ಕಿರಲಿಲ್ಲ. ಬೇರೆಲ್ಲ ಕಣಗಳನ್ನು ತಡೆದು ನಿಲ್ಲಿಸಲು ಅಷ್ಟು ದಪ್ಪ ಬಂಡೆಯೇ ಬೇಕಿತ್ತು. ಚಿನ್ನಕ್ಕಾಗಿ ತೋಡಿದ ಆಳ ಆಕಾಶ ನೋಡಲು ಒದಗಿತು.

7. ಮನೆಗಳ ನಡುವಿನ ದೂರ ಅಳೆಯಿರಿ.

ಉರಿಗಾಂ ಕಡೆ ಕಂಪನಿ ಕಾಲದ ಬಂಗಲೆಗಳು, ಕ್ಲಬ್ಬು, ಗಾಲ್ಫ್ ಮೈದಾನ. ಇದನ್ನೇ 'ಲಿಟಲ್ ಇಂಗ್ಲೆಂಡ್' ಎಂದು ಕರೆದದ್ದು. ಅಲ್ಲಿಂದ ಕಾರ್ಮಿಕರ ಲೈನ್ ಮನೆಗಳಿಗೆ ನಡೆಯಿರಿ: ಗೋಡೆಗೆ ಗೋಡೆ ತಾಗಿದ, ಬಗ್ಗಿ ಒಳಹೋಗಬೇಕಾದ ಕೋಣೆಗಳು. ಅದಕ್ಕೂ ಮೊದಲು ಬಿದಿರು ತಟ್ಟಿಯ ಗುಡಿಸಲುಗಳಿದ್ದವು. ಇಲ್ಲಿ ಬದುಕಿದವರಲ್ಲಿ ಹೆಚ್ಚಿನವರು ತಮಿಳು ಜಿಲ್ಲೆಗಳಿಂದ ಬಂದವರು, ಅವರಲ್ಲಿ ದೊಡ್ಡ ಸಂಖ್ಯೆಯವರು ದಲಿತರು. ಹೆಬ್ಬೆಟ್ಟು ಒತ್ತಿಸಿ ನೋಂದಾಯಿಸುವ ಕ್ರಮಕ್ಕೆ ಎದುರಾಗಿ ಇವರೇ 1930ರಲ್ಲಿ ಇಡೀ ಗಣಿಯನ್ನು ನಿಲ್ಲಿಸಿದರು. ಬಂಗಲೆಯ ಫೋಟೋ ತೆಗೆದವರು ಲೈನ್ ಮನೆಗಳ ಓಣಿಯಲ್ಲೂ ಅಷ್ಟೇ ಹೊತ್ತು ಕಳೆಯಬೇಕು, ಆದರೆ ಅಲ್ಲಿ ಕ್ಯಾಮೆರಾ ಚೀಲದಲ್ಲಿರಲಿ. ಅದು ಜನ ಬಾಳುತ್ತಿರುವ ಓಣಿ.

8. "ಎಷ್ಟು ಚಿನ್ನ ಸಿಗುತ್ತಿತ್ತು?" ಎಂದು ಕೇಳಬೇಡಿ.

ಟೀ ಅಂಗಡಿಯ ಬೆಂಚಿನಲ್ಲಿ ಹಿರಿಯರೊಬ್ಬರು ಕೂತಿದ್ದರೆ ಪಕ್ಕದಲ್ಲಿ ಕೂತು, "ಅಣ್ಣ, ಯಾವ ಶಾಫ್ಟಿನಲ್ಲಿದ್ರಿ?" ಎಂದು ಕೇಳಿ. ಈ ಪ್ರಶ್ನೆಗೆ ಮುಖ ಅರಳುತ್ತದೆ. ಗಿಫರ್ಡ್ಸ್ ಎನ್ನುವವರ ದನಿಯಲ್ಲಿ ಬಿಗುಮಾನ ಇರುತ್ತದೆ, ಅದು ಬಲು ಆಳದ್ದು. ಆಮೇಲೆ ಮಾತು ತಾನಾಗಿ ಬರುತ್ತದೆ: ಕೇಜ್ ಎಂಬ ಲಿಫ್ಟಿನಲ್ಲಿ ಇಳಿಯುವಾಗ ಕಿವಿ ಕಟ್ಟಿಕೊಳ್ಳುವುದು, ಪಾಳಿಯ ಸೈರನ್ ಕೂಗುವುದು, ಧೂಳು ಕುಡಿದ ಶ್ವಾಸಕೋಶ. ಕನ್ನಡ, ತಮಿಳು, ತೆಲುಗು, ಇಂಗ್ಲಿಷ್ ಒಂದೇ ವಾಕ್ಯದಲ್ಲಿ ಬಂದರೆ ತಿದ್ದಬೇಡಿ. ಅದೇ ಈ ಊರಿನ ನುಡಿ. ಗಣಿ ಮುಚ್ಚಿದಾಗ ಉಳಿದ ಬಾಕಿ ಹಣದ ಮಾತು, ಕ್ವಾರ್ಟರ್ಸಿನ ಹಕ್ಕಿನ ಮಾತು ಬಂದರೆ ಗಡಿಯಾರ ನೋಡದೆ ಕೇಳಿ.

9. ಮಧ್ಯಾಹ್ನ ರಾಬರ್ಟ್‌ಸನ್‌ಪೇಟೆ.

ಎಂ.ಜಿ. ಮಾರುಕಟ್ಟೆ ಸುತ್ತಿ, ಊಟ ಮಾಡಿ. ಈ ಪೇಟೆಯ ನೇರ ಬೀದಿಗಳನ್ನು ಗಮನಿಸಿ. ಲೈನ್‌ಗಳ ಇಕ್ಕಟ್ಟು ನೋಡಿ ಬಂದ ಕಣ್ಣಿಗೆ ಅವು ಬೇರೆಯೇ ಕಾಣುತ್ತವೆ.

10. ವಾಪಸು ರೈಲಿಗೆ ಅರ್ಧ ಗಂಟೆ ಮೊದಲೇ ನಿಲ್ದಾಣ ಸೇರಿ.

ಸಂಜೆ ಮಾರಿಕುಪ್ಪಂ ನಿಲ್ದಾಣದಲ್ಲಿ ಬೆಂಗಳೂರಿನಿಂದ ರೈಲು ಬರುವುದನ್ನು ಕಾಯಿರಿ. ಗಣಿ ಮುಚ್ಚಿದ ಮೇಲೆ ಈ ಊರಿನ ಸಾವಿರಾರು ಮಂದಿ ದಿನಾ ಸುಮಾರು ನೂರು ಕಿಲೋಮೀಟರ್ ದೂರದ ಬೆಂಗಳೂರಿಗೆ ದುಡಿಯಲು ಹೋಗಿ ಬರುತ್ತಾರೆ. ಅಜ್ಜ ಮೂರು ಕಿಲೋಮೀಟರ್ ಕೆಳಗೆ ಇಳಿದು ಬರುತ್ತಿದ್ದ ಪಾಳಿ, ಮೊಮ್ಮಗಳಿಗೆ ಅಡ್ಡಡ್ಡ ನೂರು ಕಿಲೋಮೀಟರ್ ಆಗಿದೆ. ಊಟದ ಡಬ್ಬಿ, ಹೆಗಲ ಚೀಲ, ನಿದ್ದೆ ತುಂಬಿದ ಕಣ್ಣು ಹೊತ್ತು ಅವರು ಬಾಗಿಲುಗಳಿಂದ ಇಳಿಯುತ್ತಾರೆ. ದಾರಿ ಬಿಟ್ಟು ನಿಲ್ಲಿ. ಎಲ್ಲರೂ ಇಳಿದ ಮೇಲೆ ಹತ್ತಿ.