ಮೂರು ಪಹಣಿ, ಒಬ್ಬ ರೈತ, ಒಂದು ಸಾಲು

ಟಿ. ದಾಸರಹಳ್ಳಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡು ಪೀಣ್ಯದ ಕಾರ್ಖಾನೆಗಳಿಗೆ ಶಿಫ್ಟ್‌ಗೆ ಹೋಗೋ ಎಷ್ಟೋ ಜನಕ್ಕೆ ಊರಲ್ಲಿ ಸ್ವಲ್ಪ ಜಮೀನಿರುತ್ತೆ. ಅಂಥ ಒಬ್ಬರಿಗೆ ಮೂರು ಸರ್ವೆ ನಂಬರಿನಲ್ಲಿ ಹೊಲ ಇದೆ ಅಂದುಕೊಳ್ಳೋಣ. ಮೂರು ಪಹಣಿ, ಅಂದ್ರೆ ಡೇಟಾದಲ್ಲಿ ಮೂರು ಸಾಲು. ಆದರೆ ಬರ ಪರಿಹಾರದ ಮಿತಿ ಇರೋದು ಪಹಣಿಗಲ್ಲ, ವ್ಯಕ್ತಿಗೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಯಿತು. ಆಗಿನ ನಿಯಮದಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಒಬ್ಬರಿಗೆ 2 ಹೆಕ್ಟೇರ್‌ವರೆಗೆ ಮಾತ್ರ.

ನಮ್ಮ ರೈತರ ಹೊಲಗಳು: 1 ಎಕರೆ 30 ಗುಂಟೆ, 2 ಎಕರೆ 10 ಗುಂಟೆ, 2 ಎಕರೆ 20 ಗುಂಟೆ. ಶೀಟ್‌ನಲ್ಲಿ ಇದು 1.30, 2.10, 2.20 ಅಂತ ಕೂತಿದ್ರೆ ಸಮ್ ಹಾಕಿದಾಗ 5.60 ಬರುತ್ತೆ. ತಪ್ಪು! ಎಕರೆಗೆ 40 ಗುಂಟೆ. ಮೊದಲು ಎಲ್ಲವನ್ನೂ ಗುಂಟೆ ಮಾಡಿ: 70, 90, 100. ಒಟ್ಟು 260, ಅಂದ್ರೆ ಆರೂವರೆ ಎಕರೆ, ಸುಮಾರು 2.63 ಹೆಕ್ಟೇರ್.

ಪೂರ್ತಿ ಬೆಳೆ ಹೋಗಿದ್ರೆ ಇವರಿಗೆ ಸಿಗಬೇಕಾದ್ದು 17,000. ಸಾಲುಸಾಲಾಗಿ ಮಿತಿ ನೋಡಿದ್ರೆ ಯಾವುದೂ 2 ಹೆಕ್ಟೇರ್ ದಾಟಲ್ಲ, 22,000ಕ್ಕೂ ಹೆಚ್ಚು ಹೋಗುತ್ತೆ. ‘ಒಬ್ಬರಿಗೆ ಒಂದೇ ಸಾಲು ಸಾಕು’ ಅಂತ ರಿಮೂವ್ ಡೂಪ್ಲಿಕೇಟ್ಸ್ ಒತ್ತಿದ್ರೆ ಮೊದಲ ಹೊಲ ಮಾತ್ರ ಉಳಿದು ಸುಮಾರು 6,000 ಬರುತ್ತೆ. ಇವು ಡೂಪ್ಲಿಕೇಟ್ ಅಲ್ಲ, ಬೇರೆ ಬೇರೆ ಹೊಲ. ಆದ್ದರಿಂದ ಮೊದಲು ಗ್ರೂಪ್‌ಬೈ, ಆಮೇಲೆ ಸಮ್, ಕೊನೆಗೆ ಮಿತಿ.

ಯಾವ ಕಾಲಂ ಮೇಲೆ ಗ್ರೂಪ್ ಮಾಡೋದು? ಹೆಸರು ಬೇಡ. ಒಂದು ಪಹಣಿಯಲ್ಲಿ ‘ಮಂಜುನಾಥ ಬಿನ್ ರಾಮಯ್ಯ’, ಇನ್ನೊಂದರಲ್ಲಿ ‘ಮಂಜುನಾಥ್ ಆರ್’ ಅಂತಿದ್ರೆ ಒಬ್ಬರೇ ಇಬ್ಬರಾಗ್ತಾರೆ. ಅದೇ ಊರಲ್ಲಿ ಇನ್ನೊಬ್ಬ ಮಂಜುನಾಥ ಇದ್ರಂತೂ ಮುಗೀತು. ರಾಜ್ಯ ಸರ್ಕಾರದ ಫ್ರೂಟ್ಸ್ ತಂತ್ರಾಂಶ ಪ್ರತಿ ರೈತರಿಗೂ ಒಂದು ಎಫ್‌ಐಡಿ ಕೊಟ್ಟು, ಅವರ ಸರ್ವೆ ನಂಬರುಗಳನ್ನ ಅದಕ್ಕೆ ಜೋಡಿಸುತ್ತೆ. ಅದೇ ನಮ್ಮ ಕೀ. ಜಂಟಿ ಖಾತೆ ಇದ್ರೆ ಮಾತ್ರ ಉಲ್ಟಾ ಕೆಲಸ: ಮೊದಲು ಒಂದು ಸಾಲನ್ನ ಪಾಲುದಾರರಿಗೆ ಹಂಚಿ, ಆಮೇಲೆ ಕೂಡಿಸಿ.

ಎಫ್‌ಐಡಿಗೆ ಸೇರದ ಹೊಲ? ಆ ಸೆಲ್ ಖಾಲಿ. ಪಾಂಡಾಸ್‌ನ ಗ್ರೂಪ್‌ಬೈ ಕೀ ಖಾಲಿ ಇರೋ ಸಾಲನ್ನ ಎರರ್ ಕೂಡ ತೋರಿಸದೆ ಬಿಟ್ಟುಬಿಡುತ್ತೆ. ಡ್ರಾಪ್‌ಎನ್‌ಎ ಅನ್ನು ಫಾಲ್ಸ್ ಮಾಡಿ, ಗ್ರೂಪ್ ಮಾಡೋಕೆ ಮುಂಚಿನ ಒಟ್ಟು ಗುಂಟೆ, ಆಮೇಲಿನ ಒಟ್ಟು ಗುಂಟೆ ತಾಳೆ ನೋಡಿ. ಖಾಲಿ ಕೀ ಸಾಲುಗಳನ್ನ ಬೇರೆ ಶೀಟ್‌ಗೆ ತೆಗೆದಿಡಿ. ಆ ಹೊಲಗಳ ಯಜಮಾನರನ್ನ ಕೋಡ್ ಹುಡುಕಲ್ಲ, ಹೋಗಿ ವಿಚಾರಿಸಬೇಕು.