ತೋಟ ಚಿಕ್ಕದಾದರೂ ಕೂಲಿಯ ಕಾನೂನು ಒಂದೇ

ಬಿಟ್ಟಂಗಾಲದ ಬೆಳೆಗಾರರೇ, ‘ನನ್ನದು ಸಣ್ಣ ಕಾಫಿ ತೋಟ, ಹೊಸ ಕಾರ್ಮಿಕ ಸಂಹಿತೆಗಳು ನನಗೂ ಅನ್ವಯಿಸುತ್ತವೆಯೇ?’ ಎಂದು ಕೇಳಿದ್ದೀರಿ. ಎಲ್ಲವೂ ಅಲ್ಲ, ಆದರೆ ಕೂಲಿಗೆ ಸಂಬಂಧಿಸಿದ್ದು ಖಂಡಿತ ಅನ್ವಯಿಸುತ್ತದೆ. 1951ರ ತೋಟ ಕಾರ್ಮಿಕರ ಕಾಯ್ದೆ 5 ಹೆಕ್ಟೇರ್, 15 ಕಾರ್ಮಿಕರು ಎಂಬ ಮಿತಿ ಇಟ್ಟಿದ್ದರಿಂದ, ಕಾನೂನು ದೊಡ್ಡ ಎಸ್ಟೇಟಿಗೆ ಮಾತ್ರ ಎಂಬ ಭಾವನೆ ಬೆಳೆದದ್ದು ಸಹಜ. 2025ರ ನವೆಂಬರ್ 21ರಂದು ಜಾರಿಯಾದ ವೇತನ ಸಂಹಿತೆಯ ಕನಿಷ್ಠ ಕೂಲಿಗೆ ಅಂಥ ಮಿತಿಯಿಲ್ಲ. ಒಂದೇ ಕೆಲಸಕ್ಕೆ ಹೆಂಗಸರಿಗೆ ಕಡಿಮೆ ಕೂಲಿ ಸಲ್ಲದು. ಕೊಯ್ಲಿನಲ್ಲಿ ಕಿಲೋ ಲೆಕ್ಕದಲ್ಲಿ ಕೊಡುವವರೂ ಗಮನಿಸಿ: ಕಿಲೋ ದರ ಸರ್ಕಾರ ಪ್ರತ್ಯೇಕವಾಗಿ ನಿಗದಿ ಮಾಡಿರದಿದ್ದರೆ, ದಿನವಿಡೀ ದುಡಿದವರಿಗೆ ಕನಿಷ್ಠ ದಿನಗೂಲಿಗಿಂತ ಕಡಿಮೆ ಕೊಡುವಂತಿಲ್ಲ.

‘ನಿಯಮ ಬದಲಾಗುತ್ತಲೇ ಇರುತ್ತದೆ, ಕಾದು ನೋಡೋಣ’ ಎನ್ನಬಹುದು. ಆದರೆ ಬದಲಾಗುವುದು ಹೆಚ್ಚಾಗಿ ದರ. ಕರ್ನಾಟಕದಲ್ಲಿ ಕನಿಷ್ಠ ಕೂಲಿಯ ಭಾಗವಾದ ತುಟ್ಟಿಭತ್ಯೆ ಪ್ರತಿ ಏಪ್ರಿಲ್ 1ರಂದು ಪರಿಷ್ಕರಣೆಯಾಗುತ್ತದೆ. ಆಗೊಮ್ಮೆ ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸಿ. ಹೊರರಾಜ್ಯದಿಂದ ಬಂದವರೂ ಸೇರಿ ಪ್ರತಿಯೊಬ್ಬರ ಹೆಸರು, ಹಾಜರಿ, ಕಿಲೋ, ಮುಂಗಡ, ಕೊಟ್ಟ ಕೂಲಿ ಬರೆದು ಸಹಿ ಪಡೆಯಿರಿ. ಇದು ವ್ಯರ್ಥ ಶ್ರಮವಲ್ಲ: ವ್ಯಾಜ್ಯ ಬಂದರೆ ನಿಮ್ಮನ್ನು ಕಾಯುವುದೂ, ದುಡಿದವರಿಗೆ ನ್ಯಾಯ ಸಿಗುವುದೂ ಆ ಬರವಣಿಗೆಯಿಂದಲೇ.