ನಾಲ್ಕು ತಾಲ್ಲೂಕು, ಎರಡು ದಿನ, ಒಂದು ಬಜೆಟ್

ಬಾಲ್ಟಿಕ್ ಕಡಲ ದಂಡೆಯ ತಾಲಿನ್, ರೀಗಾ ನಗರಗಳಿಗೆ ಹೋಗಿಬಂದ ನೆಂಟರು ಫೋಟೊ ಕಳಿಸಿದಾಗ ನಮಗೂ ಆಸೆಯಾಗುತ್ತದೆ. ಹಳೆಯ ಕೋಟೆ, ಕಲ್ಲುಹಾಸಿನ ಬೀದಿ, ಎರಡು ಮೂರು ದಿನಕ್ಕೆ ಸಾಕಾಗುವಷ್ಟು ಊರು. ಆಸೆ ತಪ್ಪಲ್ಲ. ಆದರೆ ಷೆಂಗೆನ್ ವೀಸಾಗೆ ದೊಡ್ಡವರೊಬ್ಬರು ಕಟ್ಟಬೇಕಾದ ಶುಲ್ಕವೇ 90 ಯೂರೊ, ಹತ್ತಿರಹತ್ತಿರ ಒಂಬತ್ತು ಸಾವಿರ ರೂಪಾಯಿ. ವೀಸಾ ಸಿಗದಿದ್ದರೆ ಆ ಹಣ ಹೋದಂತೆಯೇ. ಹೆಚ್ಚುಕಡಿಮೆ ಅಷ್ಟೇ ದುಡ್ಡಿನಲ್ಲಿ ನಮ್ಮ ಮನೆಯ ನಾಲ್ವರು ಬೆಂಗಳೂರಿನಿಂದ ಹೊರಟು ಒಂದು ಹಳೆಯ ರಾಜಧಾನಿಯನ್ನೂ ಅದರ ನೆರೆಯ ಮೂರು ತಾಲ್ಲೂಕುಗಳನ್ನೂ ಎರಡು ದಿನದಲ್ಲಿ ನೋಡಿಬರುತ್ತೇವೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ.

1610ರಲ್ಲಿ ರಾಜ ಒಡೆಯರ ಕೈಗೆ ಬಂದ ಶ್ರೀರಂಗಪಟ್ಟಣ 1799ರ ಮೇ 4ರಂದು ಟಿಪ್ಪು ಮಡಿಯುವವರೆಗೂ ಮೈಸೂರು ರಾಜ್ಯದ ರಾಜಧಾನಿಯಾಗಿತ್ತು. ಈ ಊರಿನ ಇತಿಹಾಸವನ್ನು ಹಣದ ಲೆಕ್ಕದಲ್ಲೂ ಓದಬಹುದು. 1792ರ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯದ ಜೊತೆಗೆ 3 ಕೋಟಿ 30 ಲಕ್ಷ ರೂಪಾಯಿ ಕೊಡಲು ಒಪ್ಪಬೇಕಾಯಿತು; ಬಾಕಿ ತೀರುವ ತನಕ ಇಬ್ಬರು ಮಕ್ಕಳನ್ನು ಒತ್ತೆ ಇಡಬೇಕಾಯಿತು. 1799ರಲ್ಲಿ ಖಜಾನೆಯೇ ಲೂಟಿಯಾಯಿತು. ಅರಮನೆಯಲ್ಲಿದ್ದ ಮರದ ಹುಲಿ ಇವತ್ತು ಲಂಡನ್ನಿನ ಮ್ಯೂಸಿಯಮ್ಮಿನಲ್ಲಿದೆ. ರಾಜಧಾನಿ ಮೈಸೂರಿಗೆ ಹೋಯಿತು. ಈಗಲೂ ಪ್ರವಾಸಿಗಳು ಮೈಸೂರಿನಲ್ಲಿ ರೂಮು ಹಿಡಿದು, ಇಲ್ಲಿಗೆ ಎರಡು ಗಂಟೆ ಬಂದು, ಕೋಟೆ ಗೋಡೆಯ ಮುಂದೆ ಸೆಲ್ಫಿ ತೆಗೆದುಕೊಂಡು ಹೊರಟುಬಿಡುತ್ತಾರೆ. ಊರಿಗೆ ಉಳಿಯುವುದು ಪಾರ್ಕಿಂಗ್ ಚೀಟಿಯ ಕಾಸು ಮಾತ್ರ. ಹಾಗಾಗಿ ನಮ್ಮ ಬಜೆಟ್ಟಿಗೆ ಒಂದೇ ನಿಯಮ: ದಾರಿಯಲ್ಲಿ ಉಳಿಸು, ಊರಿನಲ್ಲಿ ಖರ್ಚು ಮಾಡು.

ದಾರಿಯ ಲೆಕ್ಕ

ಬೆಂಗಳೂರಿನಿಂದ ಮೈಸೂರು ಹೆದ್ದಾರಿಯಲ್ಲಿ ಹೋಗಿ, ನಾಗಮಂಗಲ, ಬೆಳ್ಳೂರು ಕ್ರಾಸ್ ಮೂಲಕ ಮಂಗಳೂರು ಹೆದ್ದಾರಿಯಲ್ಲಿ ಮರಳಿದರೆ ಸುತ್ತು ಸುಮಾರು 350 ಕಿಲೋಮೀಟರ್. ಲೀಟರಿಗೆ 15 ಕಿಲೋಮೀಟರ್ ಕೊಡುವ ಕಾರಿಗೆ ಎರಡೂವರೆ ಸಾವಿರ ರೂಪಾಯಿಯೊಳಗೆ ಪೆಟ್ರೋಲು ಮುಗಿಯುತ್ತದೆ. ಟೋಲಿಗೆ ನಾನು ಐನೂರು ರೂಪಾಯಿ ತೆಗೆದಿಡುತ್ತೇನೆ. ಬಂದ ದಾರಿಯಲ್ಲೇ 24 ಗಂಟೆಯೊಳಗೆ ಮರಳಿದರೆ ಟೋಲಿನಲ್ಲಿ ರಿಯಾಯಿತಿ ಉಂಟು. ಈ ಸುತ್ತಿನಲ್ಲಿ ಅದು ಒದಗುವುದಿಲ್ಲ. ವರ್ಷದಲ್ಲಿ ಐದಾರು ಸಲ ಹೆದ್ದಾರಿ ಹಿಡಿಯುವವರು 2025ರ ಆಗಸ್ಟ್ 15ರಂದು ಬಂದ ಫಾಸ್ಟ್ಯಾಗ್ ವಾರ್ಷಿಕ ಪಾಸನ್ನು ನೋಡಲಿ. ಆಗ ನಿಗದಿಯಾದ ದರ 200 ದಾಟುಗಳಿಗೆ 3,000 ರೂಪಾಯಿ. ದಾಟಿಗೆ 15 ರೂಪಾಯಿ ಬಿತ್ತು.

ಕಾರಿಲ್ಲದವರಿಗೆ ಲೆಕ್ಕ ಇನ್ನೂ ಹಗುರ. ಬೆಂಗಳೂರು–ಮೈಸೂರು ರೈಲುಮಾರ್ಗದಲ್ಲೇ ಶ್ರೀರಂಗಪಟ್ಟಣ, ಪಾಂಡವಪುರ ನಿಲ್ದಾಣಗಳಿವೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ. ನನ್ನ ಅಮ್ಮ, ಚಿಕ್ಕಮ್ಮ ಆಧಾರ್ ಕಾರ್ಡು ತೋರಿಸಿ ಮೇಲುಕೋಟೆಗೆ ಹೋಗಿಬರುತ್ತಾರೆ. ಬಸ್ಸಿನಲ್ಲಿ ಉಳಿದ ದುಡ್ಡು ಬೆಟ್ಟದ ಮೇಲಿನ ಪುಳಿಯೋಗರೆಗೆ, ದೇವಸ್ಥಾನದ ಮುಂದೆ ಹೂವು ಮಾರುವವಳಿಗೆ ಸಲ್ಲುತ್ತದೆ.

ಮೊದಲ ದಿನ ಶ್ರೀರಂಗಪಟ್ಟಣ ದ್ವೀಪದಲ್ಲಿ

ಬೆಳಿಗ್ಗೆ ರಂಗನತಿಟ್ಟು. 1940ರಲ್ಲಿ ಸಲೀಂ ಅಲಿ ಅವರ ಮಾತಿಗೆ ಒಡೆಯರು ಕಾಪಾಡಿದ ಪಕ್ಷಿಧಾಮ ಇದು. ಪ್ರವೇಶ, ದೋಣಿ ಸೇರಿ ಇಡೀ ಪ್ರವಾಸದ ದುಬಾರಿ ಟಿಕೆಟ್ಟು ಇದೇ, ಅಷ್ಟು ಬೆಲೆಯೂ ಬಾಳುತ್ತದೆ. ಆಮೇಲೆ 1784ರಲ್ಲಿ ಕಟ್ಟಿದ ದರಿಯಾ ದೌಲತ್. ಟಿಕೆಟ್ಟಿಗೆ ನಾವು ತಲೆಗೆ 25 ರೂಪಾಯಿ ಕೊಟ್ಟಿದ್ದೇವೆ. 15 ವರ್ಷದೊಳಗಿನವರಿಗೆ ಉಚಿತ. ಪೊಲ್ಲಿಲೂರು ಯುದ್ಧದ ಗೋಡೆಚಿತ್ರವೊಂದಕ್ಕೇ ಅರ್ಧ ಗಂಟೆ ಕೊಡಿ. ಶ್ರೀರಂಗನಾಥನ ಗುಡಿ, ಗುಂಬಜ್, ಕರ್ನಲ್ ಬೈಲಿ ಬಂದೀಖಾನೆ, ದಿವಾನ್ ಪೂರ್ಣಯ್ಯನವರ ಕಾಲದ 1804ರ ವೆಲ್ಲೆಸ್ಲಿ ಸೇತುವೆ ನೋಡಲು ಕಾಸು ಬೇಕಿಲ್ಲ. ಅಲ್ಲಿ ಉಳಿದದ್ದನ್ನು ಗೈಡಿಗೆ ಕೊಡಿ. ಐನೂರು ರೂಪಾಯಿ ಎಂದು ಮೊದಲೇ ಮಾತಾಡಿಕೊಂಡರೆ ಕೋಟೆಯ ಗೋಡೆ ಒಡೆದ ಜಾಗ ಯಾವುದು, ಟಿಪ್ಪುವಿನ ಶವ ಸಿಕ್ಕ ಜಾಗ ಯಾವುದು ಎಂದು ಮಕ್ಕಳಿಗೆ ನಿಂತ ನೆಲದಲ್ಲೇ ತಿಳಿಯುತ್ತದೆ.

ರಾತ್ರಿ ಇಲ್ಲೇ ತಂಗುವುದು ನಮ್ಮ ಬಜೆಟ್ಟಿನ ಮುಖ್ಯ ಸಾಲು. ಹೊಳೆಯ ಪಕ್ಕ ಸರ್ಕಾರಿ ಮಯೂರ ಹೋಟೆಲೂ ಇದೆ, ಸಣ್ಣ ವಸತಿಗೃಹಗಳೂ ಇವೆ. ವಾರದ ನಡುವೆ ನಾಲ್ವರಿಗೆ ಎರಡು ಸಾವಿರದ ಸುತ್ತಮುತ್ತ ನಮಗೆ ರೂಮು ಸಿಕ್ಕಿದೆ. ದಸರಾ ದಿನಗಳಲ್ಲಿ ಈ ದರ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಕೆಆರ್‌ಎಸ್ ತುಂಬಿ ನೀರು ಬಿಟ್ಟರೆ ರಂಗನತಿಟ್ಟಿನ ದೋಣಿ ನಿಲ್ಲುತ್ತದೆ. ಆಗ ಹೋಗುವುದಾದರೆ ರದ್ದು ಮಾಡಿದರೂ ಹಣ ಮರಳುವಂಥ ರೂಮನ್ನೇ ಕಾದಿರಿಸಿ.

ಎರಡನೆಯ ದಿನ ಮೂರು ತಾಲ್ಲೂಕು

ಮಧ್ಯಾಹ್ನ ಗುಡಿಗಳ ಬಾಗಿಲು ಹಾಕುತ್ತಾರೆ, ಅದಕ್ಕೇ ಬೇಗ ಹೊರಡಬೇಕು. ಪಾಂಡವಪುರ ತಾಲ್ಲೂಕಿನ ತೊಣ್ಣೂರು ಕೆರೆಯ ದಂಡೆಯಲ್ಲಿ ಬುತ್ತಿ ಬಿಚ್ಚಿ, ಮೇಲುಕೋಟೆಯಲ್ಲಿ ಚೆಲುವನಾರಾಯಣನ ದರ್ಶನ ಮುಗಿಸಿ. ಅಲ್ಲಿನ ಜನಪದ ಸೇವಾ ಟ್ರಸ್ಟಿನ ಕೈಮಗ್ಗದ ಬಟ್ಟೆಗೆ ಸಾವಿರ ರೂಪಾಯಿ ಕೊಟ್ಟರೆ ಅದು ನೇಯ್ದವರ ಮನೆಯ ಒಲೆಗೆ ಹೋಗುತ್ತದೆ. ವೈರಮುಡಿಯ ದಿನಗಳಲ್ಲಿ ಮಾತ್ರ ಜನಜಂಗುಳಿ. ಆ ಉತ್ಸವಕ್ಕೆಂದೇ ಬೇರೆ ಸಲ ಬನ್ನಿ.

ಕೆ.ಆರ್. ಪೇಟೆಯ ಪಕ್ಕದಲ್ಲೇ ಹೊಸಹೊಳಲು. ಹದಿಮೂರನೆಯ ಶತಮಾನದ ಲಕ್ಷ್ಮೀನಾರಾಯಣ ದೇವಾಲಯದ ಹೊರಗೋಡೆಯಲ್ಲಿ ಆನೆ, ಕುದುರೆಗಳ ಸಾಲು ನೋಡಿದಷ್ಟೂ ಮುಗಿಯುವುದಿಲ್ಲ. ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು. ಅದೇ ಹೊಯ್ಸಳರ ಉಳಿಯ ಕೆಲಸ ಇಲ್ಲಿ ನೂಕುನುಗ್ಗಲಿಲ್ಲದೆ ನಿಂತಿದೆ. ಸಂಜೆಗೆ ನಾಗಮಂಗಲದ ಸೌಮ್ಯಕೇಶವ, ಬೆಳಕಿದ್ದರೆ ಕಂಬದಹಳ್ಳಿಯ ಪಂಚಕೂಟ ಬಸದಿ. ದಾರಿಯ ಆಲೆಮನೆಯಲ್ಲಿ ಬೆಲ್ಲ ಕೊಂಡರೆ ನಡುವೆ ದಳ್ಳಾಳಿ ಇರುವುದಿಲ್ಲ.

ಒಟ್ಟು ಲೆಕ್ಕ ಇಷ್ಟು: ಪೆಟ್ರೋಲು, ಟೋಲು 3,000, ರೂಮು 2,000, ಊಟ ತಿಂಡಿ 2,000, ಟಿಕೆಟ್ಟು, ದೋಣಿ, ಗೈಡು 1,200, ಬಟ್ಟೆ, ಬೆಲ್ಲ 1,300. ಮೊತ್ತ 9,500 ರೂಪಾಯಿ. ತಿಂಗಳಿಗೆ 800 ರೂಪಾಯಿ ಬೇರೆ ಖಾತೆಯಲ್ಲಿಟ್ಟರೆ ವರ್ಷಕ್ಕೊಮ್ಮೆ ಸಾಲವಿಲ್ಲದೆ, ಕ್ರೆಡಿಟ್ ಕಾರ್ಡಿನ ಬಡ್ಡಿಯಿಲ್ಲದೆ ಈ ಪ್ರವಾಸ ಆಗುತ್ತದೆ. ದುಡ್ಡು ಬಿಗಿಯಾದರೆ ಕಾರು ಬಿಟ್ಟು ರೈಲು, ಬಸ್ಸು ಹತ್ತಿ. ಆದರೆ ರೂಮನ್ನೂ ಗೈಡನ್ನೂ ಕೈಬಿಡಬೇಡಿ. ಎರಡು ಗಂಟೆ ಬಂದು ಹೋಗುವವರಿಂದ ಈ ಊರುಗಳಿಗೆ ಏನೂ ಉಳಿಯದು. ಒಂದು ರಾತ್ರಿ ತಂಗಿ, ಇಲ್ಲೇ ಉಂಡು, ಇಲ್ಲೇ ಕೊಳ್ಳಿ.